ಪಾತ್ರದ ಒಲವನ್ನು ಬರೆಯುವವರು ಯಾರು?

ಹ್ಯಾರಿ ಪಾಟರ್ ಸರಣಿಯ ಏಳನೆಯ ಹಾಗೂ ಕೊನೆಯ ಕಾದಂಬರಿ 2007ರ ಜುಲೈನಲ್ಲಿ ಹೊರಬಂತು. ಅದೇ ವರ್ಷ ಅಕ್ಟೋಬರ್ 19ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಓದುಗರೊಬ್ಬರ ಪ್ರಶ್ನೆಗೆ ಉತ್ತರಿಸುತ್ತ ಲೇಖಕಿ ಜೆ. ಕೆ. ರೋಲಿಂಗ್, ಕಥೆಯ ಹಿರಿಯ ಮಾಂತ್ರಿಕ ಗುರು ಡಂಬಲ್‌ಡೋರನನ್ನು ತಾವು ಮೊದಲಿನಿಂದಲೂ ಗೇ ಎಂದೇ ಕಲ್ಪಿಸಿಕೊಂಡಿದ್ದಾಗಿ, ಅವನಿಗೆ ಇನ್ನೊಬ್ಬ ಮಾಂತ್ರಿಕ ಗ್ರಿಂಡೆಲ್‌ವಾಲ್ಡ್‌ನ ಮೇಲೆ ಪ್ರೇಮವಿತ್ತೆಂದು ಹೇಳಿದರು. ಏಳು ಪುಸ್ತಕಗಳಲ್ಲಿ ಎಲ್ಲಿಯೂ ಆ ಮಾತು ನೇರವಾಗಿ ಬರುವುದಿಲ್ಲ. ಹಾಗಿದ್ದಾಗ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವೊಂದು ಆ ಪಾತ್ರದ ಪುಟದಲ್ಲಿ ಏನೆಂದು ಬರೆಯಬೇಕು? ಅವನು ಗೇ ಎಂದೇ? ಲೇಖಕಿ ಹಾಗೆ ಹೇಳಿದ್ದಾರೆ ಎಂದೇ? ಕಾದಂಬರಿ ಈ ಬಗ್ಗೆ ಮೌನವಾಗಿದೆ ಎಂದೇ? ಮೂರೂ ನಿಜ. ಆದರೆ ಮೂರೂ ಒಂದೇ ಬಗೆಯ ನಿಜವಲ್ಲ.

ವಿಕಿಪೀಡಿಯ ಹುಟ್ಟಿದ್ದು 2001ರ ಜನವರಿಯಲ್ಲಿ. ಸ್ಟಾರ್ ಟ್ರೆಕ್ ಲೋಕಕ್ಕೆಂದೇ ಮೀಸಲಾದ ಮೆಮೊರಿ ಆಲ್ಫಾ 2003ರಲ್ಲಿ ಬಂತು. ಇಂದು ಫ್ಯಾಂಡಮ್ ಎಂಬ ಹೆಸರಿನಲ್ಲಿ ಅಸಂಖ್ಯ ಅಭಿಮಾನಿ ವಿಕಿಗಳಿಗೆ ನೆಲೆಯಾಗಿರುವ ವಿಕಿಯಾ 2004ರಲ್ಲಿ. ಇವುಗಳ ಚರ್ಚೆಪುಟಗಳಲ್ಲಿ ಕಾಲ್ಪನಿಕ ಪಾತ್ರಗಳ ಲೈಂಗಿಕ ಒಲವಿನ ಬಗ್ಗೆ ನಡೆಯುವ ವಾದಗಳು ಹೊರಗಿನವರಿಗೆ ಹುರುಳಿಲ್ಲದವು ಎನಿಸಬಹುದು. ಇಲ್ಲದ ಮನುಷ್ಯನ ಒಲವಿನ ಬಗ್ಗೆ ಇಷ್ಟು ಹಟವೇಕೆ ಎಂದು ಕೇಳುವವರಿದ್ದಾರೆ. ಆದರೆ ಈ ವಾದಗಳ ಅಡಿಯಲ್ಲಿರುವ ಪ್ರಶ್ನೆ ಗಂಭೀರವಾದದ್ದು: ಕೃತಿಯೊಂದರಲ್ಲಿ ಸತ್ಯ ಎಂದರೇನು, ಅದನ್ನು ಹೇಳುವ ಅಧಿಕಾರ ಯಾರಿಗಿದೆ, ಮತ್ತು ಏನೂ ಹೇಳದಿದ್ದಾಗ ನಾವು ಸುಮ್ಮನೆ ಒಪ್ಪಿಕೊಂಡುಬಿಡುವುದು ಏನನ್ನು? ಈ ಜಗಳದಲ್ಲಿ ಬಗೆಹರಿಯದೆ ಉಳಿಯುವ ಭಾಗ ಬಹುಪಾಲು ಪಾತ್ರದಿಂದ ಹುಟ್ಟಿದ್ದಲ್ಲ, ವಿಶ್ವಕೋಶದ ರೂಪದಿಂದ ಹುಟ್ಟಿದ್ದು ಎಂಬುದು ನನ್ನ ವಾದ. ಅದಕ್ಕೆ ಬರುವ ಮೊದಲು ಈ ಪ್ರಶ್ನೆ ನಡೆದುಬಂದ ದಾರಿಯನ್ನು ನೋಡಬೇಕು.

ವಿಕಿಗಿಂತ ಹಳೆಯ ಜಗಳ

ಹೋಮರನ ಇಲಿಯಡ್‌ನಲ್ಲಿ ಅಕಿಲೀಸ್ ಮತ್ತು ಪೆಟ್ರೋಕ್ಲಸ್ ಪ್ರಾಣಸ್ನೇಹಿತರು. ಪ್ರೇಮಿಗಳೆಂದು ಕವಿ ಹೇಳುವುದಿಲ್ಲ. ಕೆಲವು ಶತಮಾನಗಳ ನಂತರ ನಾಟಕಕಾರ ಈಸ್ಕಿಲಸ್ ಅವರನ್ನು ಪ್ರೇಮಿಗಳಾಗಿಯೇ ಚಿತ್ರಿಸಿದ. ಪ್ಲೇಟೋನ ಸಿಂಪೋಸಿಯಂನಲ್ಲಿ ಫೀಡ್ರಸ್ ಎಂಬಾತ ಈಸ್ಕಿಲಸ್‌ನನ್ನು ತಿದ್ದುತ್ತಾನೆ. ಆದರೆ ಅವನ ತಕರಾರು ಅವರು ಪ್ರೇಮಿಗಳೋ ಅಲ್ಲವೋ ಎಂಬುದರ ಬಗ್ಗೆ ಅಲ್ಲ, ಇಬ್ಬರಲ್ಲಿ ಪ್ರೇಮಿಸಿದವನು ಯಾರು, ಪ್ರೇಮಕ್ಕೆ ಪಾತ್ರನಾದವನು ಯಾರು ಎಂಬುದರ ಬಗ್ಗೆ. ಮೂಲದ ಮೌನ, ನಂತರದ ಕವಿಯ ಮರುಕಥನ, ಓದುಗನ ತಿದ್ದುಪಡಿ ಎಂಬ ಮೂರು ಪದರಗಳು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಇದ್ದವು. ಇಂದಿನ ಚರ್ಚೆಪುಟಗಳಲ್ಲಿ ಕಾಣುವುದೂ ಇವೇ.

ಇಪ್ಪತ್ತನೆಯ ಶತಮಾನದಲ್ಲಿ ಈ ಓದಿಗೆ ಇನ್ನೊಂದು ಮುಖ ಬಂತು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ತಮ್ಮ 'ಸೆಡಕ್ಷನ್ ಆಫ್ ದಿ ಇನೊಸೆಂಟ್' ಪುಸ್ತಕದಲ್ಲಿ ಬ್ಯಾಟ್‌ಮನ್ ಮತ್ತು ರಾಬಿನ್ ಕಥೆಗಳಲ್ಲಿ ಸಲಿಂಗಪ್ರೇಮದ ವಾತಾವರಣವಿದೆ ಎಂದರು. ಅದು ಆರೋಪವಾಗಿತ್ತು; ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ಒಡ್ಡಿದ ಮಾತು. 1970ರ ದಶಕದಲ್ಲಿ ಸ್ಟಾರ್ ಟ್ರೆಕ್‌ನ ಅಭಿಮಾನಿಗಳು, ಹೆಚ್ಚಾಗಿ ಹೆಂಗಸರು, ಕರ್ಕ್ ಮತ್ತು ಸ್ಪಾಕ್ ಪ್ರೇಮಿಗಳಾಗಿರುವ ಕಥೆಗಳನ್ನು ಬರೆದು ಕೈಯಿಂದ ಕೈಗೆ ಹಂಚಿದಾಗ ಅದೇ ಬಗೆಯ ಓದು ಸಂಭ್ರಮವಾಯಿತು. ಆರೋಪವಾಗಿ ಹುಟ್ಟಿ ಹಕ್ಕಿನ ಮಾತಾಗಿ ಬೆಳೆದ ಈ ಓದಿನ ಎರಡೂ ಮುಖಗಳು ವಿಶ್ವಕೋಶಗಳಿಗೆ ಬಳುವಳಿಯಾಗಿ ಬಂದಿವೆ. ಪಾತ್ರವೊಂದನ್ನು ಸಲಿಂಗಪ್ರೇಮಿ ಎಂದು ಬರೆದಾಗ ಕೆಲವರು ಅದನ್ನು ಮಾನಹಾನಿಯೆಂದು ಬಗೆದು ಆತುರದಲ್ಲಿ ಅಳಿಸುತ್ತಾರೆ. ಕೆಲವರು ಕಸಿದುಕೊಂಡದ್ದನ್ನು ಮರಳಿ ಪಡೆಯುವ ಛಲದಲ್ಲಿ ಮತ್ತೆ ಸೇರಿಸುತ್ತಾರೆ.

ಕೃತಿಯೇ ಪ್ರಮಾಣ ಎನ್ನುವವರು

ಮೊದಲ ಪಂಥದವರಿಗೆ ಪುಟದಲ್ಲಿ ಅಥವಾ ಪರದೆಯ ಮೇಲೆ ಇರುವುದಷ್ಟೇ ಸತ್ಯ. ಇದಕ್ಕೆ ಗಟ್ಟಿಯಾದ ವಿಮರ್ಶಾ ಪರಂಪರೆಯಿದೆ. 1933ರಲ್ಲಿ ಎಲ್. ಸಿ. ನೈಟ್ಸ್ ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳಿದ್ದರು ಎಂಬ ಶೀರ್ಷಿಕೆಯ ಪ್ರಬಂಧ ಬರೆದು, ಪಾತ್ರಗಳನ್ನು ಕೃತಿಯ ಆಚೆಗೂ ಬದುಕಿರುವ ಮನುಷ್ಯರಂತೆ ಕಾಣುವ ಅಭ್ಯಾಸವನ್ನು ಟೀಕಿಸಿದರು. 1946ರಲ್ಲಿ ವಿಮ್‌ಸಾಟ್ ಮತ್ತು ಬಿಯರ್ಡ್‌ಸ್ಲಿ, ಕರ್ತೃವಿನ ಉದ್ದೇಶ ಕೃತಿಯ ಅರ್ಥಕ್ಕೆ ಅಳತೆಗೋಲಾಗಲಾರದು ಎಂದು ವಾದಿಸಿದರು. ಅಭಿಮಾನಿ ವಿಕಿಗಳು ಈ ವಿಮರ್ಶಕರನ್ನು ಓದಿ ನಿಯಮ ಮಾಡಿಕೊಂಡವಲ್ಲ, ಆದರೂ ಹತ್ತಿರದ ನಿಲುವಿಗೇ ಬಂದಿವೆ. ಮೆಮೊರಿ ಆಲ್ಫಾ ಧಾರಾವಾಹಿ ಮತ್ತು ಚಲನಚಿತ್ರಗಳಲ್ಲಿ ಕಂಡದ್ದನ್ನು ಪ್ರಮಾಣವೆಂದು ಎಣಿಸುತ್ತದೆ, ಪರವಾನಗಿ ಪಡೆದ ಕಾದಂಬರಿಗಳನ್ನು ಎಣಿಸುವುದಿಲ್ಲ.

ಈ ನಿಲುವಿನಿಂದ ದೊಡ್ಡ ಲಾಭವಿದೆ: ತಕರಾರನ್ನು ಯಾರು ಬೇಕಾದರೂ ಪುಟ ತಿರುವಿ ಪರೀಕ್ಷಿಸಬಹುದು. ಕನ್ನಡದಿಂದಲೇ ಉದಾಹರಣೆ ಕೊಡುವುದಾದರೆ, ವಸುಧೇಂದ್ರರ 'ಮೋಹನಸ್ವಾಮಿ' (2013) ಸಂಕಲನದ ನಾಯಕನ ಬಗ್ಗೆ ಯಾವ ವಿಶ್ವಕೋಶದಲ್ಲೂ ವಾದ ಹುಟ್ಟಲು ಕಾರಣವಿಲ್ಲ. ಅವನ ಒಲವೇ ಆ ಕಥೆಗಳ ಜೀವ. ತೊಡಕು ಬರುವುದು ಕೃತಿ ಸುಳಿವು ಕೊಟ್ಟು ಸುಮ್ಮನಾದಾಗ. 'ದಿ ಲೆಜೆಂಡ್ ಆಫ್ ಕೋರಾ' ಆ್ಯನಿಮೇಷನ್ ಸರಣಿಯ ಕೊನೆಯ ಕಂತು 2014ರ ಡಿಸೆಂಬರ್ 19ರಂದು ಬಂತು. ಕೊನೆಯ ದೃಶ್ಯದಲ್ಲಿ ಕೋರಾ ಮತ್ತು ಅಸಾಮಿ ಕೈಹಿಡಿದು ಬೆಳಕಿನೊಳಗೆ ನಡೆದುಹೋಗಿ, ಒಬ್ಬರನ್ನೊಬ್ಬರು ದಿಟ್ಟಿಸುತ್ತಾರೆ. ಗಂಡು ಹೆಣ್ಣಿನ ನಡುವೆ ಅದೇ ದೃಶ್ಯವಿದ್ದಿದ್ದರೆ ಅದನ್ನು ಪ್ರೇಮವೆಂದು ಬರೆಯಲು ಯಾರೂ ಉಲ್ಲೇಖ ಕೇಳುತ್ತಿರಲಿಲ್ಲ. ಕೃತಿಯನ್ನು ಮಾತ್ರ ನೋಡುತ್ತೇವೆ ಎನ್ನುವವರು ನೋಡುವಾಗಲೂ ತಮ್ಮ ನಿರೀಕ್ಷೆಗಳನ್ನು ಜೊತೆಯಲ್ಲಿಟ್ಟುಕೊಂಡೇ ನೋಡುತ್ತಾರೆ.

ಸೃಷ್ಟಿಕರ್ತರ ಮಾತು

ಕೋರಾ ಸರಣಿಯ ಸೃಷ್ಟಿಕರ್ತರಾದ ಬ್ರಯನ್ ಕೊನಿಯೆಟ್ಜ್‌ಕೊ ಮತ್ತು ಮೈಕಲ್ ಡಿಮಾರ್ಟಿನೊ ಮೂರೇ ದಿನಗಳಲ್ಲಿ, ಡಿಸೆಂಬರ್ 22ರಂದು, ಆ ಇಬ್ಬರ ನಡುವಿನದು ಪ್ರೇಮವೇ ಎಂದು ಬರಹದ ಮೂಲಕ ಸ್ಪಷ್ಟಪಡಿಸಿದರು. ವಾಹಿನಿ ಬೆಂಬಲ ಕೊಟ್ಟರೂ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಮಿತಿಯಿತ್ತು ಎಂದೂ ತಿಳಿಸಿದರು. 2017ರಲ್ಲಿ ಬಂದ ಮುಂದುವರಿದ ಕಾಮಿಕ್ಸ್ ಅವರನ್ನು ಜೋಡಿಯಾಗಿಯೇ ತೋರಿಸಿತು. ಕರ್ತೃವಿನ ಮಾತನ್ನು ಪ್ರಮಾಣವೆಂದು ಒಪ್ಪುವ ಎರಡನೆಯ ಪಂಥಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಹೇಳಬೇಕೆಂದಿದ್ದರೂ ಹೇಳಲು ಬಿಡದ ವ್ಯವಸ್ಥೆಯಲ್ಲಿ ಕೃತಿಯ ಮೌನ ಕರ್ತೃವಿನ ಮೌನವಾಗಿರುವುದಿಲ್ಲ ಎಂದು ಅದು ತೋರಿಸುತ್ತದೆ.

ಆದರೆ ಈ ಪಂಥ ಒಬ್ಬ ಕರ್ತೃ, ಒಂದು ಕೃತಿ ಎಂಬ ಚಿತ್ರವನ್ನು ನಂಬಿ ನಿಂತಿದೆ. ಜನಪ್ರಿಯ ಪಾತ್ರಗಳ ವಿಷಯದಲ್ಲಿ ಆ ಚಿತ್ರ ನಿಲ್ಲುವುದು ಅಪರೂಪ. ಸ್ಟಾರ್ ಟ್ರೆಕ್‌ನ ಸುಲು ಪಾತ್ರವನ್ನೇ ನೋಡಬಹುದು. 2016ರ 'ಸ್ಟಾರ್ ಟ್ರೆಕ್ ಬಿಯಾಂಡ್' ಚಿತ್ರದ ಪುಟ್ಟ ದೃಶ್ಯವೊಂದರಲ್ಲಿ ಜಾನ್ ಚೋ ಅಭಿನಯಿಸಿದ ಸುಲು ತನ್ನ ಪುರುಷ ಸಂಗಾತಿ ಮತ್ತು ಮಗಳನ್ನು ಸೇರಿಕೊಳ್ಳುತ್ತಾನೆ. 1960ರ ದಶಕದ ಮೂಲ ಸರಣಿಯಲ್ಲಿ ಸುಲು ಆಗಿದ್ದ ಜಾರ್ಜ್ ಟಕೇಯಿ ಅವರಿಗೆ ಗೌರವ ಸೂಚಿಸುವುದು ಈ ಬದಲಾವಣೆಯ ಹಿಂದಿನ ಉದ್ದೇಶಗಳಲ್ಲಿ ಒಂದಾಗಿತ್ತು. ಟಕೇಯಿ ಸ್ವತಃ ಗೇ, ಆ ಸಮುದಾಯದ ಹಕ್ಕುಗಳಿಗಾಗಿ ಬಹಿರಂಗವಾಗಿ ದನಿಯೆತ್ತಿದವರು. ಆದರೂ ಅವರು ಬಹಿರಂಗವಾಗಿಯೇ ಬೇಸರ ವ್ಯಕ್ತಪಡಿಸಿದರು. ಮೂಲ ಸೃಷ್ಟಿಕರ್ತ ಜೀನ್ ರಾಡೆನ್‌ಬೆರಿ ಸುಲುವನ್ನು ಹಾಗೆ ಕಲ್ಪಿಸಿರಲಿಲ್ಲ, ಗೇ ಪಾತ್ರ ಬೇಕಿದ್ದರೆ ಹೊಸದನ್ನೇ ಸೃಷ್ಟಿಸಬೇಕಿತ್ತು ಎಂಬುದು ಅವರ ವಾದ. ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಸೈಮನ್ ಪೆಗ್ ಗೌರವದಿಂದಲೇ ಭಿನ್ನಾಭಿಪ್ರಾಯ ತಿಳಿಸಿದರು. ರಾಡೆನ್‌ಬೆರಿ 1991ರಲ್ಲೇ ತೀರಿಕೊಂಡಿದ್ದರು. ಹಾಗಾದರೆ ಪಾತ್ರವನ್ನು ಕಟ್ಟಿದವರು ಯಾರು? ಹೆಸರಿಟ್ಟವರೇ, ಮೈದುಂಬಿ ಅಭಿನಯಿಸಿದವರೇ, ಐವತ್ತು ವರ್ಷಗಳ ನಂತರ ಮುಂದುವರಿಸಿದವರೇ? ಹೊಸ ಚಿತ್ರಗಳು ಬೇರೆಯೇ ಕಾಲರೇಖೆಯಲ್ಲಿ ನಡೆಯುವುದರಿಂದ ವಿಶ್ವಕೋಶದ ಸಂಪಾದಕರು ಎರಡು ಸುಲುಗಳನ್ನು ಬೇರೆಬೇರೆಯಾಗಿ ವಿವರಿಸಿ ಪಾರಾಗಬಹುದು. ಎಲ್ಲ ಕೃತಿಗಳಿಗೂ ಅಂಥ ಅನುಕೂಲ ಇರುವುದಿಲ್ಲ. ಆರ್ಚಿ ಕಾಮಿಕ್ಸ್‌ನ ಜಗ್‌ಹೆಡ್ 2016ರ ಸಂಚಿಕೆಯೊಂದರಲ್ಲಿ ಅಲೈಂಗಿಕ ಎಂದು ಹೇಳಲ್ಪಟ್ಟ. ಮರುವರ್ಷ ಶುರುವಾದ 'ರಿವರ್‌ಡೇಲ್' ಧಾರಾವಾಹಿಯಲ್ಲಿ ಅದೇ ಹೆಸರಿನ ಹುಡುಗ ಬೆಟ್ಟಿಯ ಪ್ರೇಮಿ.

ಬರ್ಟ್ ಮತ್ತು ಎರ್ನಿ ಪ್ರಕರಣದಲ್ಲಿ ಹಕ್ಕುದಾರರು ಒಂದೇ ವಾರದಲ್ಲಿ ಎದುರುಬದುರಾದರು. 2018ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ಬೊಂಬೆ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್'ನ ಲೇಖಕರಲ್ಲಿ ಒಬ್ಬರಾಗಿದ್ದ ಮಾರ್ಕ್ ಸಾಲ್ಟ್‌ಜ್‌ಮನ್, ಆ ಎರಡು ಬೊಂಬೆಗಳಿಗೆ ಬರೆಯುವಾಗ ತಮ್ಮ ಮನಸ್ಸಿನಲ್ಲಿ ಅವರು ಪ್ರೇಮಿಗಳಾಗಿದ್ದರು ಎಂದರು. ಕಾರ್ಯಕ್ರಮದ ಸಂಸ್ಥೆ ಅವರು ಆಪ್ತ ಗೆಳೆಯರಷ್ಟೇ, ಬೊಂಬೆಗಳಿಗೆ ಲೈಂಗಿಕ ಒಲವು ಇರುವುದಿಲ್ಲ ಎಂದಿತು. ಬರ್ಟ್‌ಗೆ ಜೀವ ಕೊಟ್ಟಿದ್ದ ಬೊಂಬೆ ಕಲಾವಿದ ಫ್ರಾಂಕ್ ಆಜ್ ಕೂಡ ಸಾಲ್ಟ್‌ಜ್‌ಮನ್ ಅವರ ಮಾತನ್ನು ಒಪ್ಪಲಿಲ್ಲ. ಕರ್ತೃವಿನ ಮಾತೇ ಪ್ರಮಾಣವೆಂದರೆ ಇಲ್ಲಿ ಮೂರು ಪ್ರಮಾಣಗಳಿವೆ, ಮೂರೂ ಒಂದೇ ಮಾತು ಹೇಳುವುದಿಲ್ಲ.

ಓದುಗರ ಓದು, ಮೌನದ ಇತಿಹಾಸ

ಮೂರನೆಯ ಪಂಥ ಅರ್ಥವನ್ನು ಓದುಗರ ಕಡೆಯಿಂದ ಹುಡುಕುತ್ತದೆ. ವಿಮರ್ಶಕ ರೋಲಾಂ ಬಾರ್ತ್ 1967ರಲ್ಲಿ ಕರ್ತೃವಿನ ಸಾವನ್ನು ಸಾರಿದ್ದು ಎಲ್ಲರಿಗೂ ಗೊತ್ತಿರುವ ಮಾತು. ಈ ವಿಷಯಕ್ಕೆ ಹೆಚ್ಚು ಉಪಯುಕ್ತವಾದ ಪುಸ್ತಕಗಳು ಬೇರೆ ಎರಡು. ಹಾಲಿವುಡ್ ಚಿತ್ರಗಳಲ್ಲಿ ಸಲಿಂಗಪ್ರೇಮಿಗಳನ್ನು ಹೇಗೆ ಮರೆಮಾಚಿ ತೋರಿಸಲಾಯಿತು ಎಂಬುದನ್ನು ವಿಟೊ ರುಸ್ಸೊ 'ದಿ ಸೆಲ್ಯುಲಾಯ್ಡ್ ಕ್ಲಾಸೆಟ್' (1981) ಪುಸ್ತಕದಲ್ಲಿ ದಾಖಲಿಸಿದರು. ಇಂಗ್ಲಿಷ್ ಸಾಹಿತ್ಯದಲ್ಲಿ ಗಂಡಸರ ನಡುವಿನ ಬಾಂಧವ್ಯ ಹೆಣ್ಣೊಬ್ಬಳ ಮೂಲಕ ಹಾದು ಹೇಗೆ ವ್ಯಕ್ತವಾಗುತ್ತದೆ ಎಂಬುದನ್ನು ಈವ್ ಕೊಸೊಫ್‌ಸ್ಕಿ ಸೆಜ್ವಿಕ್ 'ಬಿಟ್ವೀನ್ ಮೆನ್' (1985) ಕೃತಿಯಲ್ಲಿ ವಿಶ್ಲೇಷಿಸಿದರು.

ಈ ಪಂಥದ ಬಲ ಇರುವುದು ಇತಿಹಾಸದಲ್ಲಿ. ಹಾಲಿವುಡ್‌ನ ಚಿತ್ರಗಳಲ್ಲಿ ಏನನ್ನು ತೋರಿಸಬಾರದೆಂದು ವಿಧಿಸಿದ ಹೇಸ್ ಸಂಹಿತೆ 1934ರಿಂದ ಬಿಗಿಯಾಗಿ ಜಾರಿಗೆ ಬಂದು 1968ರಲ್ಲಿ ಕೊನೆಗೊಂಡಿತು. ಲೈಂಗಿಕ ವಿಕೃತಿ ಎಂದು ಅದು ಕರೆದದ್ದನ್ನು ತೋರಿಸುವುದಿರಲಿ, ಸೂಚಿಸುವುದೂ ಆ ಅವಧಿಯ ಬಹುಪಾಲು ನಿಷಿದ್ಧವಾಗಿತ್ತು. 1954ರ ಕಾಮಿಕ್ಸ್ ಸಂಹಿತೆಯಲ್ಲೂ ಅಂಥದೇ ನಿಷೇಧವಿತ್ತು. ಅದು ಸಡಿಲಗೊಂಡದ್ದು 1989ರ ಪರಿಷ್ಕರಣೆಯಲ್ಲಿ. ಬರೆಯಬಾರದು ಎಂಬ ಲಿಖಿತ ನಿಯಮವಿದ್ದ ಕಾಲದ ಕೃತಿಯಲ್ಲಿ 'ಬರೆದಿಲ್ಲ' ಎಂಬುದನ್ನು 'ಇಲ್ಲ' ಎಂಬುದಕ್ಕೆ ಸಾಕ್ಷಿ ಮಾಡುವುದು ನ್ಯಾಯವಲ್ಲ. ಬಾಯಿ ಕಟ್ಟಿದವನ ಮೌನವನ್ನು ಒಪ್ಪಿಗೆ ಎಂದು ಬರೆದುಕೊಂಡಂತೆ ಅದು. ಆದರೆ ಅದೇ ಮೌನ 'ಇದೆ' ಎಂಬುದಕ್ಕೂ ಸಾಕ್ಷಿಯಾಗದು. ನಿಷೇಧದ ಇತಿಹಾಸ ಒಂದು ಓದಿಗೆ ಅವಕಾಶ ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಈ ಪಂಥದ ಕೆಲವರು ಆ ಗೆರೆಯನ್ನು ದಾಟುತ್ತಾರೆ ಎಂದು ನನಗನಿಸುತ್ತದೆ.

ಪ್ರಕಟಿತ ಮೂಲದ ದಾರಿ

ವಿಕಿಪೀಡಿಯ ಈ ಮೂರರಲ್ಲಿ ಯಾವುದನ್ನೂ ಆರಿಸಿಕೊಳ್ಳದೆ ನಾಲ್ಕನೆಯ ದಾರಿ ಹಿಡಿಯಿತು. ಪಾತ್ರ ಏನು ಎಂದು ಸಂಪಾದಕರು ನಿರ್ಧರಿಸಬೇಕಿಲ್ಲ, ಅದರ ಬಗ್ಗೆ ವಿಶ್ವಾಸಾರ್ಹ ಪ್ರಕಟಿತ ಮೂಲಗಳು ಏನು ಹೇಳಿವೆ ಎಂದು ವರದಿ ಮಾಡಿದರೆ ಸಾಕು. ಸ್ವಂತ ಸಂಶೋಧನೆ ಕೂಡದು ಎಂಬ ನಿಯಮ ಆರಂಭದಲ್ಲಿ ರೂಪುಗೊಂಡದ್ದು ತಮ್ಮದೇ ವಿಲಕ್ಷಣ ಭೌತವಿಜ್ಞಾನದ ಸಿದ್ಧಾಂತಗಳನ್ನು ತಂದು ಸುರಿಯುವವರನ್ನು ತಡೆಯಲು. ಅದೇ ನಿಯಮ ಸಾಹಿತ್ಯದ ಪುಟಗಳಿಗೂ ಅನ್ವಯವಾಯಿತು. ಕೃತಿಯನ್ನೇ ಆಧರಿಸಿ ಕಥಾಸಾರ ಬರೆಯಬಹುದು. ವ್ಯಾಖ್ಯಾನಕ್ಕೆ ಬೇರೊಬ್ಬರ ಪ್ರಕಟಿತ ಬರಹ ಬೇಕು. ಭಿನ್ನಮತಗಳಿದ್ದರೆ ಪ್ರತಿಯೊಂದಕ್ಕೂ ಅದರ ತೂಕಕ್ಕೆ ತಕ್ಕ ಜಾಗ. ಒಂದೇ ದಿನದಲ್ಲಿ ಮೂರಕ್ಕಿಂತ ಹೆಚ್ಚು ಸಲ ಇತರರ ಬದಲಾವಣೆಯನ್ನು ಅಳಿಸಿಹಾಕುವವರಿಗೆ ತಡೆ. ವಾದವೆಲ್ಲ ಚರ್ಚೆಪುಟದಲ್ಲಿ.

ಇದು ಬುದ್ಧಿವಂತ ದಾರಿ. ಪರಸ್ಪರ ಅಪರಿಚಿತರಾದ ಜನ ಒಟ್ಟಿಗೆ ಕೆಲಸ ಮಾಡಲು ಬೇರೆ ದಾರಿ ನನಗೆ ಕಾಣದು. ಇದರ ವಿರುದ್ಧದ ಆಕ್ಷೇಪ ಹೀಗಿದೆ: ಸಲಿಂಗಪ್ರೇಮದ ಓದುಗಳೆಲ್ಲ ಈ ನಿಯಮದಿಂದ ಪುಟದ ಕೆಳಗಿನ 'ವಿಮರ್ಶೆ' ಭಾಗಕ್ಕೆ ಸರಿಯುತ್ತವೆ, ಮೇಲಿನ 'ಪಾತ್ರಪರಿಚಯ' ಭಾಗ ಹಳೆಯ ಊಹೆಗಳಿಗೇ ಮೀಸಲಾಗುತ್ತದೆ. ಈ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಅದಕ್ಕೆ ಪರಿಹಾರ ಉಲ್ಲೇಖದ ನಿಯಮವನ್ನು ಸಡಿಲಿಸುವುದಲ್ಲ, ಅದನ್ನು ಎರಡೂ ಕಡೆಗೆ ಸಮನಾಗಿ ಅನ್ವಯಿಸುವುದು.

ಕೇಳದೆ ಒಪ್ಪಿಕೊಂಡದ್ದು

ತತ್ತ್ವಜ್ಞಾನಿ ಡೇವಿಡ್ ಲೂಯಿಸ್ 1978ರ ಪ್ರಬಂಧವೊಂದರಲ್ಲಿ ಕಲ್ಪನೆಯೊಳಗಿನ ಸತ್ಯದ ಪ್ರಶ್ನೆಯನ್ನು ಎತ್ತಿಕೊಂಡರು. ಕೃತಿ ಹೇಳದೆ ಬಿಟ್ಟದ್ದನ್ನು ನಾವು ಹಿನ್ನೆಲೆಯ ತಿಳಿವಳಿಕೆಯಿಂದ, ಅಂದರೆ ಆ ಕೃತಿ ಹುಟ್ಟಿದ ಸಮುದಾಯದ ಸಾಮಾನ್ಯ ನಂಬಿಕೆಗಳಿಂದ, ತುಂಬಿಕೊಳ್ಳುತ್ತೇವೆ ಎಂಬ ವಿವರಣೆಯನ್ನು ಅವರು ಕಟ್ಟಿದರು. ಜೊತೆಗೆ, ಕೆಲವು ಪ್ರಶ್ನೆಗಳಿಗೆ ಕೃತಿಯೊಳಗೆ ಉತ್ತರವೇ ಇಲ್ಲ ಎಂದೂ ಒಪ್ಪಿದರು. ವಾಟ್ಸನ್‌ನನ್ನು ಮೊದಲು ಕಂಡಾಗ ಹೋಮ್ಸ್‌ನ ತಲೆಯ ಕೂದಲ ಸಂಖ್ಯೆ ಸಮವೋ ಬೆಸವೋ ಎಂಬಂಥ ಪ್ರಶ್ನೆಗಳು. ಕಥೆ ಯಾವ ಪ್ರೇಮವನ್ನೂ ತೋರಿಸದ ಪಾತ್ರವೊಂದರ ಒಲವು ಎರಡನೆಯ ಬಗೆಯ ಪ್ರಶ್ನೆ ಎಂದು ನನಗೆ ತೋರುತ್ತದೆ. ಆದರೆ ರೂಢಿಯಲ್ಲಿ ನಾವು ಅದನ್ನು ಮೊದಲ ಬಗೆಯದೆಂದು ಎಣಿಸಿ, ಬೇರೆ ಹೇಳದಿದ್ದರೆ ಪಾತ್ರ ಭಿನ್ನಲಿಂಗಪ್ರೇಮಿ ಎಂದು ತುಂಬಿಕೊಳ್ಳುತ್ತೇವೆ.

ಸೆಸಮಿ ಸ್ಟ್ರೀಟ್ ಸಂಸ್ಥೆಯ ಹೇಳಿಕೆಗೆ ಬಂದ ಟೀಕೆಯ ತಿರುಳು ಇದೇ. ಬೊಂಬೆಗಳಿಗೆ ಒಲವು ಇಲ್ಲವೆಂದಾದರೆ, ಅದೇ ಬೊಂಬೆ ಕಲಾವಿದ ಜಿಮ್ ಹೆನ್ಸನ್ ಪರಂಪರೆಯ ಮಿಸ್ ಪಿಗ್ಗಿ ಕರ್ಮಿಟ್ ಕಪ್ಪೆಯ ಹಿಂದೆ ಬಿದ್ದದ್ದು ಏನು? ಗಂಡು ಹೆಣ್ಣಿನ ಪ್ರೇಮ ಕಂಡಲ್ಲಿ ಅದು ಒಲವಾಗಿ ಕಾಣುವುದೇ ಇಲ್ಲ, ಸಹಜ ಸ್ಥಿತಿಯಾಗಿ ಕಾಣುತ್ತದೆ. ಬಹುಪಾಲು ಜನ ಭಿನ್ನಲಿಂಗಪ್ರೇಮಿಗಳಾಗಿರುವುದರಿಂದ ಆ ಊಹೆ ಅಂಕಿಸಂಖ್ಯೆಯ ದೃಷ್ಟಿಯಿಂದ ಸರಿಯಲ್ಲವೇ ಎಂದು ಕೇಳಬಹುದು. ನೆರೆಮನೆಯವರ ವಿಷಯದಲ್ಲಿ ಅದು ಸಂಭಾವ್ಯತೆಯ ಲೆಕ್ಕ, ಏಕೆಂದರೆ ಅಲ್ಲಿ ನಮಗೆ ಗೊತ್ತಿಲ್ಲದ ನಿಜವೊಂದು ಇದೆ. ಪಾತ್ರದ ವಿಷಯದಲ್ಲಿ ಕೃತಿಯ ಹಿಂದೆ ಅಡಗಿದ ಅಂಥ ನಿಜವಿಲ್ಲ. ಸಂಭಾವ್ಯತೆ ಹೇಳಲು ಆಧಾರವೂ ಇಲ್ಲ. ವಿಶ್ವಕೋಶ ಎರಡೂ ಕಡೆಯವರಿಂದ ಸಮನಾದ ಸಾಕ್ಷ್ಯ ಕೇಳಬೇಕು, ಸಾಕ್ಷ್ಯವಿಲ್ಲದಿದ್ದರೆ ಎರಡನ್ನೂ ಬರೆಯಬಾರದು.

ವಾಕ್ಯ ಮತ್ತು ಚೌಕಟ್ಟು

ಇಷ್ಟು ಭಿನ್ನ ನಿಲುವುಗಳಿದ್ದರೂ ಪುಟದ ಒಡಲಲ್ಲಿ ಸಂಧಾನ ಕಷ್ಟವಲ್ಲ. 'ಕಾದಂಬರಿಗಳು ಇದನ್ನು ಹೇಳುವುದಿಲ್ಲ. 2007ರಲ್ಲಿ ಲೇಖಕಿ ಹೇಳಿದರು. 2022ರ ಚಲನಚಿತ್ರದಲ್ಲಿ ಡಂಬಲ್‌ಡೋರ್ ತನ್ನ ಪ್ರೇಮದ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಾನೆ. ಚೀನಾದಲ್ಲಿ ಬಿಡುಗಡೆಯಾದಾಗ ಆ ಕೆಲವು ಕ್ಷಣಗಳ ಸಂಭಾಷಣೆಯನ್ನು ತೆಗೆದುಹಾಕಲಾಯಿತು' ಎಂದು ಬರೆದರೆ ಯಾವ ಪಂಥಕ್ಕೂ ಅನ್ಯಾಯವಾಗುವುದಿಲ್ಲ. ವಾಕ್ಯಕ್ಕೆ ಕರ್ತೃ, ಕಾಲ, 'ಆದರೆ' ಎಲ್ಲ ಇವೆ. ಪುಟದ ಅಂಚಿನ ಇನ್‌ಫೋಬಾಕ್ಸ್‌ಗೆ, ಪುಟದ ಕೆಳಗಿನ ವರ್ಗಗಳ ಪಟ್ಟಿಗೆ ಇವು ಇಲ್ಲ. ವರ್ಗದಲ್ಲಿ ಪಾತ್ರವೊಂದು ಇರುತ್ತದೆ ಅಥವಾ ಇರುವುದಿಲ್ಲ. ಯಾರ ಪ್ರಕಾರ, ಯಾವಾಗಿನಿಂದ ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಅತಿ ಕಹಿಯಾದ ಜಗಳಗಳು ವಾಕ್ಯಗಳ ಸುತ್ತಕ್ಕಿಂತ ಹೆಚ್ಚಾಗಿ ವರ್ಗಗಳ ಸುತ್ತ ಬೆಳೆಯುವುದಕ್ಕೆ ಕಾರಣ ಇಲ್ಲಿದೆ.

ಜೊತೆಗೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ಬದುಕಿರುವ ವ್ಯಕ್ತಿಯನ್ನು ಲೈಂಗಿಕ ಒಲವಿನ ವರ್ಗಕ್ಕೆ ಸೇರಿಸಬೇಕಾದರೆ ಆ ವ್ಯಕ್ತಿ ಸ್ವತಃ ಬಹಿರಂಗವಾಗಿ ಹೇಳಿಕೊಂಡಿರಬೇಕು ಎಂಬುದು ವಿಕಿಪೀಡಿಯದ ನಿಯಮ. ಖಾಸಗಿತನವನ್ನು ಕಾಯುವ ಒಳ್ಳೆಯ ನಿಯಮ ಅದು. ಪಾತ್ರಗಳ ಮೇಲಿನ ವಾದದಲ್ಲೂ ಅದರ ಮಾದರಿಯನ್ನು ಮುಂದಿಟ್ಟು, ಪಾತ್ರ ತಾನೇ ಹೇಳಿಕೊಂಡಿದೆಯೇ ಎಂದು ಕೇಳಬಹುದು. ಆದರೆ ಪಾತ್ರಕ್ಕೆ ಕಾಯಬೇಕಾದ ಖಾಸಗಿ ಬದುಕಿಲ್ಲ, ಕೆಡುವ ಮಾನವಿಲ್ಲ. ಮನುಷ್ಯರನ್ನು ರಕ್ಷಿಸಲು ಮಾಡಿದ ನಿಯಮವನ್ನು ಪಾತ್ರಕ್ಕೆ ತಂದರೆ ಅದು ರಕ್ಷಿಸುವುದು ಓದುಗರ ಹಳೆಯ ಊಹೆಯನ್ನು ಮಾತ್ರ. ವಿವಾದವಿರುವ ಕಡೆ ವರ್ಗವನ್ನು ಬಿಟ್ಟು ವಾಕ್ಯದಲ್ಲಿ ಬರೆಯಬೇಕು ಎಂಬ ನಿಲುವಿಗೆ ನಾನು ಬಂದಿರುವುದು ಬೇರೆ ಕಾರಣಕ್ಕೆ: ಚೌಕಟ್ಟು ಭಿನ್ನಮತವನ್ನು ಹೊರಲಾರದು. ಹಾಗೆ ಬಿಟ್ಟರೆ ತಮ್ಮಂಥವರನ್ನು ಕಥೆಗಳಲ್ಲಿ ಹುಡುಕುತ್ತ ಬರುವ ಎಳೆಯ ಓದುಗರಿಗೆ ಆ ಪಾತ್ರ ಸಿಗುವುದೇ ಇಲ್ಲ ಎಂಬ ಆಕ್ಷೇಪ ನನ್ನನ್ನು ನಿಜವಾಗಿ ಕಾಡುತ್ತದೆ. ಇಂಥ ಓದುಗಳ ಇತಿಹಾಸಕ್ಕೇ ಮೀಸಲಾದ ಪುಟಗಳನ್ನು ಬರೆದು ಅಲ್ಲಿಗೆ ಕೊಂಡಿ ಕೊಡುವುದು ಭಾಗಶಃ ಉತ್ತರವಾದೀತು, ಪೂರ್ತಿ ಅಲ್ಲ.

ಇನ್ನೂ ತೀರ್ಮಾನವಾಗದ್ದು

ವಿಶ್ವಾಸಾರ್ಹ ಮೂಲ ಯಾವುದು ಎಂಬುದು ಮೊದಲ ಬಾಕಿ. ಅಭಿಮಾನಿಗಳ ಓದನ್ನು ಮನರಂಜನಾ ಸುದ್ದಿತಾಣವೊಂದು ವರದಿ ಮಾಡುತ್ತದೆ. ಆ ವರದಿ ವಿಶ್ವಕೋಶದಲ್ಲಿ ಉಲ್ಲೇಖವಾಗುತ್ತದೆ. ಮುಂದಿನ ವರದಿಗಾರರು ವಿಶ್ವಕೋಶವನ್ನೇ ನೋಡಿ ಬರೆಯುತ್ತಾರೆ. ಈ ಸುತ್ತಿನಲ್ಲಿ ವಿಮರ್ಶೆ ಎಲ್ಲಿ ಮುಗಿಯಿತು, ಪ್ರತಿಧ್ವನಿ ಎಲ್ಲಿ ಶುರುವಾಯಿತು ಎಂದು ಹೇಳುವ ಒಪ್ಪಿತ ಮಾನದಂಡವಿಲ್ಲ.

ಪುರಾಣಗಳ ಪ್ರಶ್ನೆ ಇನ್ನೂ ಕಠಿಣ, ಮತ್ತು ಅದು ನಮ್ಮ ಮನೆಬಾಗಿಲಿನದು. ಸಲಿಂಗಪ್ರೇಮಿ ಎಂಬುದು ಒಂದು ಬಗೆಯ ಮನುಷ್ಯ ಎಂಬ ಗ್ರಹಿಕೆ ಹತ್ತೊಂಬತ್ತನೆಯ ಶತಮಾನದ ಯುರೋಪಿನದು ಎಂದು ಮಿಶೆಲ್ ಫುಕೋ 1976ರಲ್ಲಿ ವಾದಿಸಿದರು. ರೂತ್ ವನಿತಾ ಮತ್ತು ಸಲೀಂ ಕಿದ್ವಾಯಿ 2000ದಲ್ಲಿ ಸಂಪಾದಿಸಿದ ಸಂಕಲನ, ಭಾರತದ ಹಳೆಯ ಪಠ್ಯಗಳಲ್ಲಿ ಸಲಿಂಗಪ್ರೇಮದ ಉದ್ದನೆಯ ಪರಂಪರೆಯಿದೆ ಎಂದು ತೋರಿಸಿತು. ಯಕ್ಷನಿಂದ ಗಂಡುತನ ಪಡೆದ ಶಿಖಂಡಿಯನ್ನು, ವಿರಾಟನ ಅರಮನೆಯ ಬೃಹನ್ನಳೆಯನ್ನು ಇಂದಿನ ಯಾವ ವರ್ಗಕ್ಕೆ ಸೇರಿಸಬೇಕು? 'ಕಾಲ್ಪನಿಕ ಪಾತ್ರಗಳು' ಎಂಬ ತಲೆಬರಹವನ್ನೇ ಒಪ್ಪದ ಓದುಗರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಮಹಾಭಾರತ ಇತಿಹಾಸ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಂಥ ಸಣ್ಣ ಸಮುದಾಯಗಳಲ್ಲಿ ಇಂಗ್ಲಿಷ್ ಪುಟವನ್ನು ಅನುವಾದಿಸಿದಾಗ ಅಲ್ಲಿನ ತೀರ್ಮಾನ ಇಲ್ಲಿಗೆ ಬರುತ್ತದೆ, ಆ ತೀರ್ಮಾನಕ್ಕೆ ಮುನ್ನ ಚರ್ಚೆಪುಟದಲ್ಲಿ ನಡೆದ ವಾದ ಬರುವುದಿಲ್ಲ.

ಕೊನೆಯದು ಯಂತ್ರಗಳ ವಿಷಯ. 2012ರಲ್ಲಿ ಶುರುವಾದ ವಿಕಿಡೇಟಾ ಪ್ರತಿ ಸಂಗತಿಯನ್ನೂ ಗುಣ ಮತ್ತು ಬೆಲೆಯ ಜೋಡಿಯಾಗಿ ದಾಖಲಿಸುತ್ತದೆ. ಲೈಂಗಿಕ ಒಲವಿಗೂ ಅಲ್ಲಿ ಒಂದು ಗುಣವಿದೆ. ಮನುಷ್ಯರ ವಿಷಯದಲ್ಲಿ ಅದನ್ನು ಬಳಸಲು ಸ್ವಂತ ಹೇಳಿಕೆ ಅಥವಾ ಮರಣಾನಂತರದ ಇತಿಹಾಸಕಾರರ ಸಹಮತ ಬೇಕು. ಒಂದೇ ಗುಣಕ್ಕೆ ಹಲವು ಬೆಲೆಗಳನ್ನು, ಪ್ರತಿಯೊಂದಕ್ಕೂ ಉಲ್ಲೇಖವನ್ನು ಕೊಡಲು ಅದರಲ್ಲಿ ಅವಕಾಶವಿದೆ. ಆ ಮಟ್ಟಿಗೆ ಅದು ವರ್ಗಪಟ್ಟಿಗಿಂತ ವಾಕ್ಯಕ್ಕೆ ಹತ್ತಿರ. ಆದರೆ ಆ ದತ್ತಾಂಶವನ್ನು ಎತ್ತಿಕೊಂಡು ಕೇಳಿದವರಿಗೆ ಒಂದೇ ಸಾಲಿನಲ್ಲಿ ಉತ್ತರ ಕೊಡುವ ಸಾಧನಗಳು ಉಲ್ಲೇಖವನ್ನೂ ಭಿನ್ನಮತವನ್ನೂ ಜೊತೆಗೆ ಒಯ್ಯುವಂತೆ ಮಾಡುವ ಹೊಣೆ ದತ್ತಾಂಶ ಕಟ್ಟಿದ ಸ್ವಯಂಸೇವಕರದೋ, ಅದನ್ನು ಬಳಸುವ ಕಂಪನಿಗಳದೋ ಎಂಬುದು ಯಾವ ನಿಯಮಪುಟದಲ್ಲೂ ಇತ್ಯರ್ಥವಾಗಿಲ್ಲ.